ಎರಡೂ ಸಲ ಬಲಗಡೆ ಬಿದ್ದ ಹೂವು, ಆಗದೇ ಹೋದ ಆಪರೇಷನ್ನು

'ನೀನು ಮೆಡಿಕಲ್‌ನಲ್ಲಿ ಪಾಸಾಗೋದು ಈ ಜನ್ಮದಲ್ಲಿ ಆಗಲ್ಲ ಕಣಮ್ಮ' ಎಂದವರು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅಟ್ಟೂರಿನ ನಮ್ಮೆರಡು ಮನೆಗಳಿಗೂ ಅವರೇ ಯಜಮಾನರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಬಾಡಿಗೆ ಮನೆಗಳನ್ನು ಕಟ್ಟಿಸಿದವರು, ಕಟ್ಟಡದ ಮೇಲೆ ತಮ್ಮ ಹೆಸರನ್ನು ದೊಡ್ಡದಾಗಿ ಬರೆಸಿಕೊಂಡವರು. ಅವತ್ತು ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಅಮ್ಮ ಒಬ್ಬಟ್ಟು ಮಾಡಿದ್ದಳು. ದೊಡ್ಡಪ್ಪ ಇನ್ನೊಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಮಾತು ಮುಂದುವರಿಸಿದರು. 'ಗೌರ್ಮೆಂಟ್ ಕೆಲ್ಸ ಅಂದ್ರೆ ಸುಮ್ನೆ ಅಲ್ಲ. ತೂಕ ನೋಡ್ತಾರೆ, ಶುಗರ್ ನೋಡ್ತಾರೆ. ನಿನ್ನ ನೋಡಿದ್ ತಕ್ಷಣ ಪಕ್ಕಕ್ಕೆ ನಿಲ್ಲಿಸ್ತಾರೆ. ನಾನ್ ಏಳಿದ್ದು ಬರೆದಿಟ್ಕೊ.'

ಇಂಥ ಮಾತು ನನಗೆ ಹೊಸದಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಆದಾಗ 'ಸಾಕು ಬಿಡು' ಎಂದಿದ್ದರು. ಪಿಯುಸಿ ಆದಾಗ 'ನಮ್ಮ ವಂಶದಲ್ಲಿ ಇದನ್ನ ದಾಟಿದೋರಿಲ್ಲ' ಎಂದಿದ್ದರು. ಏರ್‌ಫೋರ್ಸ್ ಕ್ವಾರ್ಟರ್ಸಿನ ಮನೆಗಳಿಗೆ ಹಾಲು ಹಾಕಿ, ಅದೇ ಸೈಕಲ್ಲಿನಲ್ಲಿ, ಅದೇ ಸಗಣಿ ವಾಸನೆಯ ಚೂಡಿದಾರದಲ್ಲಿ ಯಲಹಂಕದ ಕಾಲೇಜಿಗೆ ಹೋಗಿ ನಾನು ಬಿ.ಎ. ಮುಗಿಸಿದೆ. ಆಮೇಲೆ ಅರ್ಥಶಾಸ್ತ್ರದಲ್ಲಿ ಎಂ.ಎ., ಅದಾದ ಮೇಲೆ ಹೆಬ್ಬಾಳದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಗಲ್ಲ ಎಂದು ಯಾರಾದರೂ ಹೇಳಿದರೆ ಆಗಿಸಿ ತೋರಿಸುವುದೇ ನನ್ನ ಬದುಕಿನ ರೀತಿಯಾಗಿಬಿಟ್ಟಿತ್ತು. ಆ ರೀತಿಯೇ ನನ್ನನ್ನು ಆಪರೇಷನ್ ಮಂಚದವರೆಗೆ ತಳ್ಳಿಕೊಂಡು ಹೋಯಿತು ಎಂಬುದು ಬಹಳ ತಡವಾಗಿ ತಿಳಿಯಿತು.

ನಾನು ದಪ್ಪ. ಇದನ್ನು ಬೇರೆ ಹೇಗೂ ಬರೆಯಲು ನನಗೆ ಬರುವುದಿಲ್ಲ. ತೂಕ ಮೂರಂಕಿ ದಾಟಿ ಎಷ್ಟೋ ಕಾಲವಾಗಿತ್ತು. ಅದಕ್ಕಿಂತ ಕಾಡುತ್ತಿದ್ದದ್ದು ನಿದ್ದೆ. ಕೂತಲ್ಲಿ ನಿದ್ದೆ, ನಿಂತಲ್ಲಿ ನಿದ್ದೆ. ಪರೀಕ್ಷೆಯ ಕೊಠಡಿಯಲ್ಲಿ ಕಾವಲಿಗೆ ಕೂತವಳೇ ಗೊರಕೆ ಹೊಡೆದು, ಮಕ್ಕಳು ನಗುವುದನ್ನು ಕೇಳಿ ಎಚ್ಚರಗೊಂಡಿದ್ದೆ. ಒಂದು ಸಂಜೆ ಹೆಬ್ಬಾಳದಿಂದ ಬರುವಾಗ ಸ್ಕೂಟರಿನ ಮೇಲೆಯೇ ಕಣ್ಣು ಮುಚ್ಚಿತು. ಹಿಂದಿನ ಬಸ್ಸಿನವನು ಹಾರನ್ ಒತ್ತಿಹಿಡಿಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿ ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ.

ಆ ವಾರವೇ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಹೋದೆ. ಸಕ್ಕರೆ ಕಾಯಿಲೆ ಇದೆ ಎಂದರು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿರಬಹುದು, ಅದಕ್ಕೊಂದು ಪರೀಕ್ಷೆ ಇದೆ, ಮಾಡಿಸಿ ಎಂದರು. ತೂಕ ಇಳಿಸಲು ಇರುವ ದಾರಿಗಳನ್ನು ಒಂದೊಂದಾಗಿ ಹೇಳುತ್ತಾ ಬಂದ ಡಾಕ್ಟರು, ಆಪರೇಷನ್ನೂ ಒಂದು ದಾರಿ, ಹೊಟ್ಟೆಯ ಹೆಚ್ಚು ಭಾಗ ತೆಗೆದು ಸಣ್ಣ ಚೀಲದಷ್ಟು ಉಳಿಸುತ್ತೇವೆ, ನಿಮಗೆ ಹೊಂದಬಹುದು ಎಂದರು. 'ಅವಸರ ಏನಿಲ್ಲ ಮೇಡಂ. ಯೋಚನೆ ಮಾಡಿ, ಮನೇಲಿ ಮಾತಾಡಿ.'

ಉಳಿದದ್ದೇನೂ ನನ್ನ ಕಿವಿಗೆ ಬೀಳಲಿಲ್ಲ. 'ಡೇಟ್ ಕೊಡಿ ಡಾಕ್ಟ್ರೇ' ಎಂದೆ.

ಮನೆಯಲ್ಲಿ ಹೇಳಿದಾಗ ಅಮ್ಮ ಈಳಿಗೆಮಣೆಯ ಮುಂದೆ ಕೂತಿದ್ದಳು. ಸೊಪ್ಪು ಹಿಡಿದ ಕೈ ಅಲ್ಲೇ ನಿಂತಿತು.

'ಏನು? ಒಟ್ಟೆ ಕತ್ತರಿಸ್ತಾರಾ? ಒಳ್ಳೇ ಒಟ್ಟೇನ?'

'ಕತ್ತರಿಸಿ ಸಣ್ಣ ಮಾಡ್ತಾರಮ್ಮ. ಆಮೇಲೆ ಜಾಸ್ತಿ ತಿನ್ನೋಕಾಗಲ್ಲ.'

'ಅದಕ್ಯಾಕೆ ಕತ್ತರಿಸ್ಬೇಕು? ನಾನೇ ಕಮ್ಮಿ ಬಡಿಸ್ತೀನಿ ಬಿಡು.'

ಪಕ್ಕದ ಮನೆಯಿಂದ ದೊಡ್ಡಮ್ಮ ಬಂದರು. ಅವರದು ಬೇರೆಯೇ ರಾಗ. 'ಮಾಡಿಸ್ಕೊಳ್ಳಿ ಬಿಡೇ. ಸಣ್ಣ ಆದ್ರೆ ಒಂದು ಗಂಡಾದ್ರೂ ಕೂಡಿ ಬರ್ತದೆ. ಮೂವತ್ತೈದು ದಾಟ್ತು ಉಡುಗಿಗೆ.' ಅಮ್ಮ ಸೊಪ್ಪನ್ನು ಬುಟ್ಟಿಗೆ ಎಸೆದಳು. ಹಿಂದೆಯೇ ಬಂದ ದೊಡ್ಡಪ್ಪ ಬಾಗಿಲಲ್ಲೇ ನಿಂತು ನಕ್ಕರು. ಅವರ ನಗುವಿಗೆ ಹೆಚ್ಚು ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ. 'ಇವ್ಳು ಮಾಡಿಸ್ಕೊಂತಾಳಾ? ಕೊನೇ ಗಳಿಗೇಲಿ ಆಸ್ಪತ್ರೆಯಿಂದ ಓಡ್ ಬರ್ತಾಳೆ, ನೋಡ್ತಿರಿ.'

ನನ್ನ ಹಟ ಅಲ್ಲಿಗೆ ಗಟ್ಟಿಯಾಯಿತು.

ನಮ್ಮ ಕಡೆ ಮದುವೆ, ಮನೆ, ಬೋರ್‌ವೆಲ್, ಯಾವುದೇ ಇರಲಿ, ಊರಮ್ಮನ ಗುಡಿಯಲ್ಲಿ ಹೂ ಕೇಳದೆ ಮುಂದಕ್ಕೆ ಹೋಗುವುದಿಲ್ಲ. ಪೂಜಾರಿ ನೀರಲ್ಲಿ ಅದ್ದಿದ ಹೂವನ್ನು ಅಮ್ಮನವರ ವಿಗ್ರಹದ ಎರಡೂ ಪಕ್ಕಕ್ಕೆ ಅಂಟಿಸುತ್ತಾನೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ಕೂರಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದು ಗುಡಿ ಈಗ ಅವುಗಳ ನೆರಳಿನಲ್ಲಿದೆ. ಹೂವಿಗೆ ಮಾತ್ರ ಬೆಲೆ ಇಳಿದಿಲ್ಲ.

ಶುಕ್ರವಾರ ಬೆಳಿಗ್ಗೆ ಅಮ್ಮ ನನಗೆ ಹೇಳದೆ ಹೋಗಿ ಹೂ ಕೇಳಿಕೊಂಡು ಬಂದಳು. ಮುಖ ಅರಳಿತ್ತು. 'ಬಲಗಡೆ ಕೊಟ್ಳು ಕಣೆ. ಕೂತ ಗಳಿಗೇಲೇ ಕೊಟ್ಳು. ಆಪರೇಷನ್ ಬ್ಯಾಡ.'

ಸಂಜೆ ದೊಡ್ಡಮ್ಮ ಕುಂಕುಮ ಹಚ್ಚಿಕೊಂಡು ಬಂದರು. ಅವರೂ ಅದೇ ದಿನ, ಅದೇ ಗುಡಿಗೆ, ನಮಗೆ ಹೇಳದೆ ಹೋಗಿದ್ದರು. 'ಬಲಗಡೆ ಆಯ್ತು! ಮಾಡಿಸ್ಬೋದಂತೆ!'



'ನೀನು ಏನಂತ ಕೇಳ್ದೆ ಅಕ್ಕ?' ಎಂದಳು ಅಮ್ಮ.

'ಮಾಡಿಸ್ಬೋದು ಅಂದ್ರೆ ಬಲಗಡೆ ಕೊಡು ತಾಯಿ ಅಂದೆ. ನೀನು?'

'ಬ್ಯಾಡ ಅಂದ್ರೆ ಬಲಗಡೆ ಕೊಡು ಅಂದೆ.'

'ಅಯ್ಯೋ ಅಂಗ್ ಕೇಳ್ತಾರಾ ಯಾರಾದ್ರೂ? ಅಪ್ಪಣೆ ಕೇಳೋ ಕಡೆ ಬ್ಯಾಡ ಅನ್ನೋದನ್ನ ಇಡಬಾರ್ದು.'

'ಬೆಳಿಗ್ಗೆ ಮೊದಲ ಪೂಜೇಲಿ ಕೊಟ್ಟಿದ್ದು ನಂದು. ಸಂಜೆ ಊವು ಒಣಗಿರ್ತದೆ, ತಾನೇ ಉದುರ್ತದೆ.'

'ಅಂದ್ರೆ ಸಂಜೆ ಊರಮ್ಮ ಇರಲ್ವಾ ಗುಡೀಲಿ?'

ಇಬ್ಬರೂ ಸೇರಿ ಫೋನಿನಲ್ಲಿ ಪೂಜಾರಿಯನ್ನು ಹಿಡಿದರು. ಅವನು ಪಾಪ ಎರಡು ಮನೆಯ ಬಾಂಧವ್ಯವನ್ನೂ ಉಳಿಸಿಕೊಳ್ಳಬೇಕಾದವನು. 'ಎರಡಕ್ಕೂ ಒಪ್ಪಿಗೆ ಕೊಟ್ಟವ್ಳೆ ಅಂದ್ರೆ ಅದು ಮಗೂಗೆ ಬಿಟ್ಟವ್ಳೆ ಅಂತ ಅರ್ಥ ಕಣ್ರಮ್ಮ' ಎಂದು ಫೋನ್ ಇಟ್ಟ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಂ.ಎ. ಮಾಡಿದವಳಲ್ಲವೇ, ಹೂವಿನ ಮಾತು ನನಗೆ ತಾಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಮರುದಿನ ಬೆಳಿಗ್ಗೆ ಅಟ್ಟೂರು ಕೆರೆಯ ದಂಡೆಯ ಮೇಲೆ ನಡೆಯುವಾಗ ಮೈಯೆಲ್ಲ ಒಂದು ಥರದ ಚಡಪಡಿಕೆ. ಊರಮ್ಮ ಸ್ಪಷ್ಟವಾಗಿ ಬೇಡ ಎಂದಿದ್ದರೆ ದೇವರ ವಿರುದ್ಧವೂ ಹಟ ಹಿಡಿಯುತ್ತಿದ್ದೆ, ಅದು ನನಗೆ ಗೊತ್ತಿದ್ದ ಕೆಲಸ. ಮಗೂಗೆ ಬಿಟ್ಟವ್ಳೆ ಎಂದರೆ ಏನು ಮಾಡುವುದು? ನನಗೇ ಬಿಟ್ಟರೆ ನನಗೇನು ಬೇಕು? ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ.

ಆಪರೇಷನ್ನಿಗೆ ಮೊದಲು ಕೆಲವು ದಿನ ನೀರಾಹಾರದಲ್ಲೇ ಇರಬೇಕು. ಕುಡಿಯುವುದು ಮಾತ್ರ, ಅಗಿಯುವಂತಿಲ್ಲ. ಅಮ್ಮ ಈ ಮಾತನ್ನು ಹಿಡಿದುಕೊಂಡಳು. ಕಾಲು ಸೂಪ್ ಮಾಡಿ, ಮೇಲೆ ಎಣ್ಣೆ ತೇಲುವ ಲೋಟವನ್ನು ತಂದಿಟ್ಟಳು.

'ಅಮ್ಮ, ಇದು ಕುಡಿಯೋ ಹಾಗಿಲ್ಲ.'

'ಯಾಕೆ, ಇದನ್ನೇನು ಅಗೀತೀಯಾ? ಕುಡಿ, ಮೂಳೆಗೆ ಶಕ್ತಿ.'

ಲೋಟ ತಳ್ಳಿದೆ. ಹಸಿವಿಗಿಂತ ಸಿಟ್ಟು ಜಾಸ್ತಿಯಾಗಿತ್ತು. ಕ್ಲಾಸಿನಲ್ಲಿ ಬೇಡಿಕೆ ನಿಯಮ ಪಾಠ ಮಾಡುವಾಗ ಬೋರ್ಡಿನ ಮೇಲಿನ ಗೆರೆಗಳೆಲ್ಲ ಮುದ್ದೆಯ ಹಾಗೆ ಕಾಣುತ್ತಿದ್ದವು. ಮನೆಯಲ್ಲಿ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಟೆರೇಸಿಗೆ ಹೋಗುವುದು, ಇಳಿಯುವುದು, ಗೇಟು ತೆಗೆಯುವುದು, ಹಾಕುವುದು. ದೊಡ್ಡಪ್ಪ ಪ್ರತಿದಿನ ಸಂಜೆ ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದರು: 'ಏನಮ್ಮ ಸುಜಾತ, ಇನ್ನೂ ಇದ್ದೀಯಾ ಮಾತಿನ ಮೇಲೆ?' 'ಇದ್ದೀನಿ ದೊಡ್ಡಪ್ಪ' ಎನ್ನುತ್ತಿದ್ದೆ. ಹಲ್ಲು ಕಚ್ಚಿಕೊಂಡು.

ಕೊನೆಯ ತಪಾಸಣೆಗೆ ಹೋದ ದಿನ ಆಸ್ಪತ್ರೆಯ ಕಾಯುವ ಜಾಗದಲ್ಲಿ ಶಾಂತಕ್ಕ ಎಂಬುವರು ಸಿಕ್ಕರು. ಅಲ್ಲಿನ ಕುರ್ಚಿಗಳಿಗೆ ಕೈಗಳಿರಲಿಲ್ಲ. ಯಾರೋ ಪುಣ್ಯಾತ್ಮರು ನಮ್ಮಂಥವರನ್ನು ನೆನೆದು ತರಿಸಿದ್ದರು. ಅಷ್ಟು ಸಣ್ಣ ವಿಷಯಕ್ಕೆ ನನಗೆ ಅಳು ಬಂದಿತ್ತು. ಗೋಡೆಯ ಮೇಲೆ ಮೊದಲು ಹೀಗಿದ್ದರು, ಈಗ ಹೀಗಿದ್ದಾರೆ ಎಂಬ ಫೋಟೋಗಳು. ಅವುಗಳ ಕೆಳಗೆ ಇಬ್ಬರೂ ಕೂತೆವು. ಶಾಂತಕ್ಕ ಗದಗ ಕಡೆಯವರು, ಯಶವಂತಪುರದ ಹತ್ತಿರ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಅವರಿಗೂ ಅದೇ ವಾರ ಆಪರೇಷನ್ ಇತ್ತು.

'ಅಂಜಿಕಿ ಆಗೇತೇನ್ರೀ?' ಎಂದರು.

'ಇಲ್ಲ' ಎಂದೆ.

'ನನಗ ಭಾಳ ಆಗೇತಿ ನೋಡ್ರಿ. ಆದ್ರ ಮಾಡಸ್ಕೊಳ್ಳಾಕ ಬೇಕು. ನಮ್ಮವ್ವ ಇದೇ ಮೈಯಿಂದನ ಹೋದ್ಳು, ಹಾರ್ಟ್ ಹಿಡಕೊಂಡು. ನನಗಿನ್ನ ಬದಕೂದೈತಿ. ಎರಡು ವರ್ಷ ವಿಚಾರ ಮಾಡೇನಿ, ಎಲ್ಲಾ ಔಷಧ ನೋಡೇನಿ. ನೀವ್ಯಾಕ ಮಾಡಸ್ಕೊಳ್ಳಾಕತ್ತೀರಿ?'

ಸಕ್ಕರೆ ಕಾಯಿಲೆ ಎನ್ನಬಹುದಿತ್ತು. ನಿದ್ದೆ ಎನ್ನಬಹುದಿತ್ತು. ಬಾಯಿಂದ ಬಂದದ್ದೇ ಬೇರೆ. 'ನಮ್ಮ ದೊಡ್ಡಪ್ಪಂಗೆ ತೋರಿಸ್ಬೇಕು.'

ಶಾಂತಕ್ಕ ನನ್ನನ್ನೇ ನೋಡಿದರು. 'ಏನ್ ತೋರಸ್ತೀರಿ? ಹೊಟ್ಟಿ?' ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, 'ತಂಗಿ, ನಿಮ್ಮ ಹೊಟ್ಟಿ ಒಳಗ ಅವರಿಗೇನ್ ಕೆಲಸ?' ಎಂದರು.

ಅಷ್ಟರಲ್ಲಿ ಅವರನ್ನು ಒಳಗೆ ಕರೆದರು. ನಾನು ಆ ಫೋಟೋಗಳ ಕೆಳಗೆ ಒಬ್ಬಳೇ ಕೂತೆ.

ಆದರೂ ಅಡ್ಮಿಟ್ ಆದೆ. ಮನಸ್ಸು ಬದಲಾಯಿಸುವುದು ಬರದವರಿಗೆ ಅದೆಷ್ಟು ಕಷ್ಟ ಎಂಬುದನ್ನು ಬರೆಯಲೇಬೇಕು. ನನಗೆ ಹಿಂದಕ್ಕೆ ತಿರುಗುವುದನ್ನು ಯಾರೂ ಕಲಿಸಿರಲಿಲ್ಲ. ಹಿಂದಕ್ಕೆ ತಿರುಗಿದ್ದರೆ ನಾನು ಎಸ್ಸೆಸ್ಸೆಲ್ಸಿಗೇ ಹಾಲಿನ ಕ್ಯಾನಿನ ಜೊತೆ ಉಳಿದುಹೋಗುತ್ತಿದ್ದೆ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಹಸಿರು ಗೌನು ತಂದಳು. ಅದು ನನ್ನ ಬೆನ್ನಿನ ಅರ್ಧಕ್ಕೇ ನಿಂತಿತು. ಅವಳು ಮುಖ ಸೊಟ್ಟ ಮಾಡಲಿಲ್ಲ, ಇನ್ನೊಂದು ಗೌನನ್ನು ತಂದು ಹಿಂದಿನಿಂದ ತೊಡಿಸಿ, 'ಈಗ ಸರಿಯಾಯ್ತು ನೋಡಿ ಮೇಡಂ, ಕೋಟು ಹಾಕ್ದಂಗಿದೆ' ಎಂದಳು. ಮಂಚದ ಮೇಲೆ ಮಲಗಿದೆ. ಈಗ ಎದ್ದು ಹೋಗೋಣ ಎನ್ನಿಸಿತು. ಎನ್ನಿಸಿದ ತಕ್ಷಣ ಬಾಗಿಲಲ್ಲಿ ಭುಜ ಕುಣಿಸುತ್ತಾ ನಗುವ ದೊಡ್ಡಪ್ಪ ಕಣ್ಣೆದುರು ಬಂದರು. ಬೇಡ, ಮಲಗೋಣ ಎನ್ನಿಸಿತು.

ಆಗ ಹೊಳೆಯಿತು. ನನ್ನನ್ನು ಆ ಮಂಚದ ಮೇಲೆ ಹಿಡಿದಿಟ್ಟಿದ್ದದ್ದು ಧೈರ್ಯವಲ್ಲ, ಹೆದರಿಕೆ. ಚಾಕುವಿನದಲ್ಲ, ಆ ನಗುವಿನದು. ಒಬ್ಬ ಮನುಷ್ಯ ನಕ್ಕಾನೆಂದು ಹೆದರಿ ನಾನು ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟಿದ್ದೆ. ನಿದ್ದೆಯ ಪರೀಕ್ಷೆ ಮಾಡಿಸಿರಲಿಲ್ಲ. ಸಕ್ಕರೆಯ ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದೆ. ಉಳಿದ ದಾರಿಗಳು ಯಾವುವೆಂದು ಡಾಕ್ಟರನ್ನು ಮತ್ತೆ ಕೇಳಿಯೂ ಇರಲಿಲ್ಲ. ಶಾಂತಕ್ಕನ ಹಾಗೆ ನಾನು ಇದನ್ನು ಆರಿಸಿಕೊಂಡಿರಲಿಲ್ಲ.

'ಸಿಸ್ಟರ್, ಡಾಕ್ಟರನ್ನ ಕರೀತೀರಾ? ನನಗೆ ಇವತ್ತು ಬೇಡ' ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಡಾಕ್ಟರು ಮಂಚದ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತರು. 'ಈಗ ಹೇಳಿದ್ದು ಒಳ್ಳೇದಾಯ್ತು. ಹೊಟ್ಟೆ ನಿಮ್ಮದು, ಬೇಡ ಅನ್ನೋ ಹಕ್ಕೂ ನಿಮ್ಮದು. ಆಪರೇಷನ್ ಎಲ್ಲಿಗೂ ಹೋಗಲ್ಲ, ಮುಂದೆ ಬೇಕು ಅನ್ನಿಸಿದ್ರೆ ಬನ್ನಿ. ಆದ್ರೆ ಒಂದು ಮಾತು. ಇದು ಬೇಡ ಅಂದ್ಮೇಲೆ ಸುಮ್ನೆ ಮನೇಗೆ ಹೋಗಿ ಕೂರೋ ಹಾಗಿಲ್ಲ. ಕಾಯಿಲೆ ನಿಮ್ಮ ಜೊತೇಲೇ ಮನೇಗೆ ಬರುತ್ತೆ.'

ಹೊರಗೆ ಅಮ್ಮ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಇಷ್ಟು ದಿನ ಬೇಡ ಬೇಡ ಎಂದು ಹೂವಿನವರೆಗೂ ಹೋದವಳು, ನಾನು ಸೀರೆ ಉಟ್ಟು ಎದುರಿಗೆ ನಿಂತಾಗ ತಲೆ ಚಚ್ಚಿಕೊಂಡಳು. 'ಅಯ್ಯೋ, ಡಾಕ್ಟ್ರು ಕೈ ತೊಳ್ಕೊಂಡು ರೆಡಿಯಾಗಿದ್ರಲ್ಲೇ! ಏನಂದ್ಕೊಂಡ್ರೋ ಏನೋ!' ಆಟೋದಲ್ಲಿ ವಿದ್ಯಾರಣ್ಯಪುರ ದಾಟುವವರೆಗೂ ಡಾಕ್ಟರಿಗಾದ ಅವಮಾನದ ಬಗ್ಗೆಯೇ ಮಾತು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.

ದೊಡ್ಡಪ್ಪ ಗೇಟಿನಲ್ಲೇ ಇದ್ದರು. ನಾನು ನಡೆದು ಬರುವುದನ್ನು ನೋಡಿದರು. ಭುಜ ಕುಣಿಯತೊಡಗಿತು. 'ನಾನ್ ಏಳಿರ್ಲಿಲ್ವಾ?'

'ಹೌದು ದೊಡ್ಡಪ್ಪ, ಹೇಳಿದ್ರಿ' ಎಂದೆ. ಅಷ್ಟೇ. ಅವರು ಇನ್ನೂ ಸ್ವಲ್ಪ ಹೊತ್ತು ನಕ್ಕರು. ಮೈ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ನಗು ಮುಗಿದ ಮೇಲೂ ನಾನು ಇದ್ದೆ, ಕಾಲು ನೆಲದ ಮೇಲಿತ್ತು. ಒಳಗೆ ಹೋಗಿ ಒಂದು ಮುದ್ದೆ ಉಂಡೆ.

ನೆಮ್ಮದಿ ಬಂತೆಂದು ಬರೆಯಲು ಆಸೆ. ಬರಲಿಲ್ಲ. ನಿದ್ದೆಯ ಪರೀಕ್ಷೆಯಾಯಿತು. ಮಲಗುವಾಗ ಮೂಗಿಗೆ ಕಟ್ಟಿಕೊಳ್ಳುವ, ಗಾಳಿ ಊದುವ ಮಷೀನು ಕೊಟ್ಟರು. ಮೊದಲ ಸಲ ಕಟ್ಟಿಕೊಂಡಾಗ ಅಮ್ಮ ಬಾಗಿಲಲ್ಲಿ ನಿಂತು 'ಆನೆ ಸೊಂಡ್ಲು ಇದ್ದಂಗಿದೆ' ಎಂದಳು. ವಾರಗಟ್ಟಲೆ ಅದನ್ನು ಕಿತ್ತು ಕಿತ್ತು ಎಸೆದೆ. ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರ. ಬಸ್ಸಿನಲ್ಲಿ ಹೆಬ್ಬಾಳ ಫ್ಲೈಓವರಿನ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿದ್ದೆ, ಕೆರೆಯನ್ನು ಪೂರ್ತಿ ನೋಡಿದೆ. ಸಕ್ಕರೆ ಮಾತ್ರೆ ಹೊತ್ತಿಗೆ ಸರಿಯಾಗಿ, ಕೆರೆ ದಂಡೆಯ ನಡಿಗೆ, ಮುದ್ದೆ ಅರ್ಧ. ತೂಕ ಇಳಿಯಿತು, ಕುಣಿದಾಡುವಷ್ಟೇನೂ ಅಲ್ಲ. ನಾನು ಈಗಲೂ ದಪ್ಪ.

ಮತ್ತೆ ತಪಾಸಣೆಗೆ ಹೋದಾಗ ಶಾಂತಕ್ಕ ಸಿಕ್ಕರು. ಗುರುತೇ ಹತ್ತಲಿಲ್ಲ. ಕುಪ್ಪಸ ಭುಜದಿಂದ ಜಾರುತ್ತಿತ್ತು, ಮೆಟ್ಟಿಲು ಹತ್ತಿ ಬಂದಿದ್ದರು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. 'ನಾನು ತಪ್ಪು ಮಾಡಿದ್ನಾ ಅಕ್ಕ?' ಎಂದು ಕೇಳಿಯೇಬಿಟ್ಟೆ.

'ನನಗ ಛಲೋ ಆತು. ಹಂಗಂತ ನಿಮಗೂ ಮಾಡಸ್ಕೊಳ್ರಿ ಅಂತ ನಾ ಹೆಂಗ ಹೇಳ್ಲಿ? ನಿದ್ದಿ ಹೆಂಗೈತಿ ಈಗ?'

'ಚೆನ್ನಾಗಿದೆ.'

'ಮತ್ತ? ಮುಖ ನೋಡಿದ್ರ ಗೊತ್ತಾಗ್ತೈತಿ' ಎಂದು ಚಹಾ ಕುಡಿಸಿದರು. ಅವರು ಎರಡು ಗುಟುಕಿಗೆ ಸಾಕು ಮಾಡಿದರು, ಉಳಿದದ್ದನ್ನು ನಾನು ಮುಗಿಸಿದೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಆಪರೇಷನ್ ದಿನ ನಿಗದಿಯಾಗಿದ್ದರೆ, ಮಾಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಮುಂದೆ ನಾನೇ ಮಾಡಿಸಿಕೊಂಡರೂ ಮಾಡಿಸಿಕೊಂಡೇನು. ಎಷ್ಟೋ ಬೆಳಿಗ್ಗೆ ಹಾಗನ್ನಿಸುತ್ತದೆ, ಸಂಜೆಗೆ ಬೇಡವೆನ್ನಿಸುತ್ತದೆ. ಮಂಚದ ಮೇಲೆ ಮಲಗಿದ ಮೇಲೂ ಬೇಡ ಎನ್ನಬಹುದು, ಅದಕ್ಕಾಗಿ ಯಾರೂ ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿರುವ ಮಾತು.

ಕೊನೆಗೂ ಕೆಲಸದ ಮೆಡಿಕಲ್‌ಗೆ ಕರೆ ಬಂತು. ಸರ್ಕಾರಿ ಆಸ್ಪತ್ರೆಯ ಹಜಾರದಲ್ಲಿ ನನ್ನ ಜೊತೆ ಆಯ್ಕೆಯಾದವರೆಲ್ಲ ಸಾಲಾಗಿ ಕೂತಿದ್ದರು, ಹೆಚ್ಚಿನವರು ತೆಳ್ಳಗೆ. ಅಮ್ಮ ಬರುತ್ತೇನೆಂದು ಹಟ ಮಾಡಿ ಬಂದಿದ್ದಳು. ನಾನು ಕೂರುವುದು, ಏಳುವುದು, ನೀರು ಕುಡಿಯುವುದು. 'ಒಂದ್ಕಡೆ ಕೂತ್ಕೊಳ್ಳೇ, ನೋಡಿ ನನಗೇ ತಲೆ ತಿರುಗ್ತದೆ' ಎಂದು ಸೆರಗು ಹಿಡಿದು ಎಳೆದಳು.

ಒಳಗೆ ತೂಕ ನೋಡಿದರು. ತೂಗಿದವನು ಮುಳ್ಳನ್ನು ಇನ್ನೊಮ್ಮೆ ನೋಡಿದ. ರಕ್ತ, ಬಿಪಿ, ಕಣ್ಣು. ಮೇಜಿನ ಆಚೆಯ ಹಿರಿಯ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, 'ಶುಗರ್ ಇದೆಯಲ್ಲಮ್ಮ, ಏನು ತಗೋತಿದ್ದೀರಿ?' ಎಂದರು. ಹೇಳಿದೆ. ನಿದ್ದೆಯ ತೊಂದರೆಯನ್ನೂ ಕೇಳುವ ಮೊದಲೇ ಹೇಳಿದೆ, ಮಷೀನಿನ ವಿಷಯವನ್ನೂ. ಮುಚ್ಚಿಟ್ಟು ಪಾಸಾಗುವುದು ನನಗೆ ಬೇಕಿರಲಿಲ್ಲ. ಅವರು ಪಕ್ಕದವರ ಜೊತೆ ಮೆಲ್ಲಗೆ ಮಾತಾಡಿದರು. ನನ್ನ ಕಿವಿ ಅಲ್ಲೇ ಇತ್ತು, ಒಂದು ಪದವೂ ಕೇಳಿಸಲಿಲ್ಲ. 'ಹೊರಗೆ ಕೂತಿರಿ, ಕರೀತಾರೆ.'

ಮತ್ತೆ ಕಾದೆವು. ಊಟದ ಹೊತ್ತು ಮೀರಿತು. ತೆಳ್ಳಗಿನವರು ಒಬ್ಬೊಬ್ಬರಾಗಿ ಸರ್ಟಿಫಿಕೇಟು ಪಡೆದುಕೊಂಡು ಹೋದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ನನ್ನ ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದೆವು. ಗುಮಾಸ್ತ ಕಿಟಕಿಯಿಂದ ಸರ್ಟಿಫಿಕೇಟನ್ನು ಚಾಚಿದ. ಮುದ್ರೆಯ ಶಾಯಿ ಇನ್ನೂ ಒದ್ದೆಯಾಗಿತ್ತು.

'ಏನಂತ ಬರೆದವ್ರೆ? ಓದು' ಎಂದಳು ಅಮ್ಮ. ಅವಳಿಗೆ ಓದಲು ಬರುವುದಿಲ್ಲ.

ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. 'ಕೆಲಸಕ್ಕೆ ಯೋಗ್ಯಳು ಅಂತ ಬರೆದಿದ್ದಾರಮ್ಮ.'

'ಅಷ್ಟೇನಾ?' ಎಂದಳು ಅಮ್ಮ. 'ಅಷ್ಟು ಬರೆಯೋಕೆ ಬೆಳಿಗ್ಗೆಯಿಂದ ಕೂರಿಸಿದ್ರಾ? ನನ್ನ ಕೇಳಿದ್ರೆ ಬಾಗಿಲಲ್ಲೇ ಏಳ್ತಿದ್ನಲ್ಲ.'